ಎಡದಿಂದ ಮೂರನೆಯವಳು

ವನಮಾಲಾಳ ಹತ್ತಿರ ತಾಯಿಯ ಒಂದು ಫೋಟೋ ಕೂಡ ಇರಲಿಲ್ಲ. ಅವಳಿಗೆ ಒಂದೂವರೆ ವರ್ಷವಾಗಿದ್ದಾಗ ಸತ್ತ ತಾಯಿ, ಸಿನಿಮಾಗಳಲ್ಲಿ ಗುಂಪು ನೃತ್ಯಕ್ಕೆ ಹೋಗುತ್ತಿದ್ದಳು. ಒಂದು ಚಿತ್ರದ ಜಾಹೀರಾತು ಸ್ಟಿಲ್ಲಿನಲ್ಲಿ ಹೀರೋನ ಹಿಂದೆ, ಎಡದಿಂದ ಮೂರನೆಯವಳಾಗಿ ನಿಂತಿದ್ದಾಳೆ ಎಂದು ಚಿಕ್ಕಮ್ಮ ಸಾಯುವ ಮೊದಲು ಹೇಳಿದ್ದಳು. ಚಿತ್ರದ ರೀಲುಗಳು ಎಂದೋ ಹಾಳಾಗಿದ್ದವು. ಆ ಸ್ಟಿಲ್ಲನ್ನು ಹುಡುಕುತ್ತ ವನಮಾಲಾ ತನ್ನ ಐವತ್ತೆಂಟನೆಯ ವಯಸ್ಸಿನಲ್ಲಿ ಫಕೀರಪ್ಪನ ಮನೆಗೆ ಬಂದಳು. ಆ ಹೀರೋನ ಹಳೇ ಸ್ಟಿಲ್ಲುಗಳನ್ನು ನಲವತ್ತು ವರ್ಷದಿಂದ ಕೂಡಿಹಾಕಿದ ಆಸಾಮಿ ಅವನು.

“ಈ ವಯಸ್ಸಲ್ಲೂ ನಮ್ಮ ಹೀರೋ ಮೇಲೆ ಇಷ್ಟು ಆಸೇನಾ ತಾಯಿ?” ಎಂದು ಫಕೀರಪ್ಪ ನಕ್ಕ. “ಆ ಡಾನ್ಸಿನ ಸ್ಟಿಲ್ಲು ತಾನೇ? ನಂಗೆ ಗೊತ್ತಿದ್ದ ಮಟ್ಟಿಗೆ ಇರೋದು ಇದೊಂದೇ.”

“ಹಿಂದೆ ಕುಣಿಯೋರ ಮುಖ ಗೊತ್ತಾಗುತ್ತಾ?”

“ಥಿಯೇಟರಿನ ಗಾಜಿನ ಪೆಟ್ಟಿಗೆಯಿಂದ ಬಿಚ್ಚಿಕೊಂಡು ಬಂದಾಗ ಅವರ ಮೂಗುಬಟ್ಟು ಎಣಿಸಬಹುದಿತ್ತು. ಅಷ್ಟು ಚೊಕ್ಕ ಪ್ರಿಂಟು.”

ವನಮಾಲಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. ಅವನು ಆಲ್ಬಮ್ಮು ತಂದು ಅವಳ ತೊಡೆಯ ಮೇಲಿಟ್ಟು ಪುಟ ತೆರೆದ. ಕಪ್ಪು ಹಾಳೆಯ ನಡುವೆ ಹೀರೋ ಒಬ್ಬನೇ ಸೊಂಟದ ಮೇಲೆ ಕೈಯಿಟ್ಟು ನಗುತ್ತಿದ್ದ.

“ಹೆಂಗಿದೆ? ಬ್ಲೇಡಲ್ಲಿ ಕೊರೆದು ಅಂಟಿಸಿದ್ದು. ಒಂದು ಕೂದಲೂ ತಪ್ಪಿಲ್ಲ ನೋಡಿ. ಎಲ್ಲಾ ಸ್ಟಿಲ್ಲನ್ನೂ ಹಿಂಗೇ ಮಾಡಿದೀನಿ.”

“ಮಿಕ್ಕಿದ್ದು?”

“ಮಿಕ್ಕಿದ್ದು ಯಾರಿಗೆ ಬೇಕಮ್ಮ? ಬಚ್ಚಲ ಒಲೆಗೆ ಹಾಕಿದೆ.”

ಆ ಒಂದು ಸ್ಟಿಲ್ಲಿನಿಂದ ಒಲೆಗೆ ಹೋದವರು ಹದಿನಾಲ್ಕು ಹೆಂಗಸರು.