ಇಪ್ಪತ್ತೆರಡನೆಯ ಜಾಗ

ಇಪ್ಪತ್ತೊಂದು ಜಾಗ ನೋಡಿ ಮುಗಿಸುವಷ್ಟರಲ್ಲಿ ಬೋದಿಲ್ ಕುರ್ಚಿಯ ತುದಿಗೆ ಬಂದಿದ್ದಳು. ಕ್ಯಾನ್ಸರ್ ಇದೆಯೇ ಎಂದು ನೋಡಲು ಯಾರೋ ಹೆಂಗಸಿನ ಗರ್ಭಕೋಶದ ಕೊರಳಿನಿಂದ ತೆಗೆದ ಜೀವಕೋಶಗಳನ್ನು ಬಳಿದ ಗಾಜಿನ ಪಟ್ಟಿ ಅದು. ಕಂಪ್ಯೂಟರ್ ಅದನ್ನೆಲ್ಲ ಜಾಲಾಡಿ, ಇಪ್ಪತ್ತೆರಡು ಜಾಗ ಆರಿಸಿ, ಒಂದೊಂದನ್ನೇ ಸೂಕ್ಷ್ಮದರ್ಶಕದ ಕೆಳಗೆ ತಂದು ನಿಲ್ಲಿಸುತ್ತದೆ. ಅಷ್ಟೂ ಚೊಕ್ಕವಿದ್ದರೆ ಪಟ್ಟಿ ಪಾಸು. ಒಂದು ಕಡೆ ಕಣ್ಣಿಗೆ ಚುಚ್ಚಿದರೂ ಇಡೀ ಪಟ್ಟಿಯನ್ನು ತಾನೇ ನೋಡಬೇಕು.

ಓಡೆನ್ಸೆ ಪಟ್ಟಣದ ಆ ಪ್ರಯೋಗಾಲಯದಲ್ಲಿ ಗುರುವಾರವೆಂದರೆ ಗಂಡೆದೆಯವರಿಗೂ ಬೆವರು. ಮುಖ್ಯಸ್ಥೆ ಟೋವೆ ಬೀರುವಿನಿಂದ ಕ್ಯಾನ್ಸರ್ ಇರುವ ಹಳೆಯ ಪಟ್ಟಿಯೊಂದನ್ನು ತೆಗೆದು, ಹೊಸ ನಂಬರ್ ಅಂಟಿಸಿ, ಕಣ್ಣು ಎಷ್ಟು ಚುರುಕೆಂದು ನೋಡಲು ಸರದಿಯಂತೆ ಒಬ್ಬರ ಪಟ್ಟಿಗಳ ತಟ್ಟೆಯಲ್ಲಿ ಸದ್ದಿಲ್ಲದೆ ಸೇರಿಸುತ್ತಿದ್ದಳು. ಹಿಡಿಯದವರು ಮರುದಿನ ಎಲ್ಲರಿಗೂ ಕೇಕ್ ತರಬೇಕು. ಎರಡನೆಯ ಸಲವೂ ತಪ್ಪಿದರೆ ಸೂಕ್ಷ್ಮದರ್ಶಕದಿಂದ ಎಬ್ಬಿಸಿ ಬಾಟಲಿ ಜೋಡಿಸಲು ಕಳಿಸುತ್ತಾರೆ. ಸಾಸಿವೆ ಮೂಟೆಯಲ್ಲಿ ಒಂದು ರಾಗಿಕಾಳು ಬಿದ್ದರೂ ಹೆಕ್ಕಿ ಕೊಡಬಲ್ಲ ಬೋದಿಲ್ ಹೋದ ಸಲ ಕೇಕ್ ತಂದಿದ್ದಳು. ಇವತ್ತು ಮತ್ತೆ ಅವಳದೇ ಸರದಿ. ಬೆಳಿಗ್ಗೆಯಿಂದ ಅರವತ್ತು ಪಟ್ಟಿ ನೋಡಿದ್ದಾಯಿತು, ಎಲ್ಲವೂ ಚೊಕ್ಕ. ಉಳಿದದ್ದು ಇದೊಂದೇ.

ಪಕ್ಕದ ಮೇಜಿನ ಪ್ರೆಬೆನ್ ಬುತ್ತಿ ಹಿಡಿದು ಎದ್ದ. "ಬಾರೇ ಊಟಕ್ಕೆ. ನಾಳೆ ಕೇಕಿಗೆ ಬೆಣ್ಣೆ ಜಾಸ್ತಿ ಹಾಕು, ಹೋದ್ಸಲದ್ದು ಗಂಟಲಲ್ಲೇ ಕೂತಿತ್ತು."

"ಬಾಯ್ಮುಚ್ಕೊಂಡು ಹೋಗೋ. ಇದ್ರಲ್ಲಿ ಇದೆ. ಇರ್ಲೇಬೇಕು."

ಇಪ್ಪತ್ತೆರಡನೆಯ ಜಾಗ ಬಂತು. ನಡುವೆ ಏನಿಲ್ಲ. ಅಂಚಿನಲ್ಲಿ ಮಾತ್ರ ಅರ್ಧ ಕತ್ತರಿಸಿದ ಹಾಗೆ ಏನೋ ಕಪ್ಪಗೆ ಇಣುಕುತ್ತಿತ್ತು. ಬೋದಿಲ್ ಪಟ್ಟಿ ಸರಿಸುವ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಳು. ಏಳೆಂಟು ಕೋಶಗಳ ಗುಂಪು, ಒಂದೊಂದರ ನಡುಬೀಜವೂ ಊದಿಕೊಂಡು, ಮಸಿ ಬಳಿದ ಕುಂಬಳಕಾಯಿಯಂತೆ. ಇಡೀ ಪಟ್ಟಿ ನೋಡಿದಳು. ಇನ್ನೂ ಮೂರು ಗುಂಪು, ಎಲ್ಲವೂ ಕ್ಯಾನ್ಸರಿನವೇ.

ಕಾಲು ನೆಲಕ್ಕೆ ತಾಗಿತೋ ಇಲ್ಲವೋ, ಪಟ್ಟಿ ಹಿಡಿದು ಟೋವೆಯ ಕೋಣೆಯಲ್ಲಿದ್ದಳು.

"ತಗೋ ನಿನ್ ಕಳ್ಳನ್ನ. ಬಾಟ್ಲಿ ಜೋಡ್ಸೋಕೆ ಬೇರೆ ಯಾರನ್ನಾದ್ರೂ ಹುಡ್ಕೋ."

ಟೋವೆ ಪಟ್ಟಿಯನ್ನು ತನ್ನ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ನಾಲ್ಕೂ ಗುಂಪನ್ನು ಒಂದೊಂದಾಗಿ ನೋಡಿದಳು. ಆಮೇಲೆ ಅದರ ನಂಬರನ್ನು ಕಂಪ್ಯೂಟರಿನಲ್ಲಿ ಒತ್ತಿ ನೋಡಿದಳು.

"ಬೋದಿಲ್, ಇವತ್ತು ನಾನು ಹಳೇ ಪಟ್ಟಿ ಯಾವ್ದೂ ಸೇರ್ಸಿಲ್ಲ. ಬೆಳಿಗ್ಗೆ ನಿನ್ ಮುಖ ನೋಡಿ ಅಯ್ಯೋ ಅನ್ನಿಸ್ತು, ಮುಂದಿನ ವಾರ ಮಾಡೋಣ ಅಂತ ಬಿಟ್ಟೆ. ಈ ಹುಡ್ಗಿಗೆ ಇಪ್ಪತ್ತೊಂಬತ್ತು ವರ್ಷ. ಇವಳ ಡಾಕ್ಟ್ರಿಗೆ ಈಗ್ಲೇ ಹೇಳ್ಬೇಕು."

ಟೋವೆಯ ಕೈ ಫೋನಿಗೆ ಹೋಯಿತು. ಬೆಳಿಗ್ಗೆಯಿಂದ ಕ್ಯಾನ್ಸರ್ ಸಿಗಲಿ, ಸಿಗಲಿ ಎಂದು ಬೇಡಿಕೊಂಡಿದ್ದ ಬೋದಿಲ್ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಇನ್ನೊಂದ್ಸಲ ಬೀರು ತೆಗ್ದು ನೋಡೇ. ನೀನೇ ಸೇರ್ಸಿ ಮರ್ತಿರ್ತೀಯ."