ಕೈ ಕಟ್ಟಿ ಕೂರುವ ಕೆಲಸ

ಗುಂಡಿಯಕ್ಕ ಒದ್ದೆ ಬಟ್ಟೆಯಿಂದ ಕುಂಡದ ಬಳ್ಳಿಯ ಎಲೆಗಳನ್ನು ಒಂದೊಂದಾಗಿ ಒರೆಸುತ್ತಿದ್ದಳು. ನಿರುದ್ಯೋಗ ಭತ್ಯೆಯ ಕಚೇರಿ ಆಗಷ್ಟೇ ಬಾಗಿಲು ತೆರೆದಿತ್ತು. ಬೆಂಚಿನ ಮೇಲೆ ಆಗಲೇ ನಾಲ್ಕಾರು ಜನ ಕೂತಿದ್ದರು. ಗಾರ್ಮೆಂಟ್ಸಿನಲ್ಲಿ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದವಳು ಅವಳು. ಆ ಕಾರ್ಖಾನೆಗೆ ಬೀಗ ಬಿದ್ದು, ಮೊದಲ ಸಲ ಇಲ್ಲಿಗೆ ಬಂದಾಗ ಈ ಬಳ್ಳಿಗೆ ಇದ್ದದ್ದು ಎರಡೇ ಎಲೆ. ಈಗ ಅದು ಕಿಟಕಿ ದಾಟಿ, ಗೋಡೆ ಹತ್ತಿ, ಫ್ಯಾನಿನತ್ತ ಕೈ ಚಾಚಿತ್ತು.

ತಿಂಗಳಿಗೊಮ್ಮೆ ಬಂದು, ಇನ್ನೂ ಕೆಲಸ ಸಿಕ್ಕಿಲ್ಲ ಎಂದು ಹೇಳಿ ಹೋಗಬೇಕು. ಹೇಳಿದರೆ ಭತ್ಯೆ, ಭತ್ಯೆ ಬಂದರೆ ಅಮ್ಮನಿಗೆ ಮಾತ್ರೆ. ಮೊದಮೊದಲು ನಾಚಿಕೆಯಿಂದ ಮೂಲೆ ಹಿಡಿಯುತ್ತಿದ್ದಳು. ಆಮೇಲೆ, ಕೂತು ಕೂತು ಕೈ ಜೋಮು ಹಿಡಿದಂತಾಗಿ, ಎಲೆ ಒರೆಸಿದಳು. ಹೊಸಬರಿಗೆ ಇಂಥದ್ದಕ್ಕೆ ಇಂಥ ಕಿಟಕಿ ಎಂದು ತೋರಿಸಿದಳು. ಬರುಬರುತ್ತಾ ತಿಂಗಳಲ್ಲಿ ಈ ಒಂದು ದಿನಕ್ಕಾಗಿ ಮಾತ್ರ ಅವಳು ನೆಟ್ಟಗೆ ತಲೆ ಬಾಚಿಕೊಳ್ಳುವಂತಾಯಿತು.

ಹೊಸದಾಗಿ ಬಂದ ಸಾಹೇಬರು ಅಂದು ಅವಳ ಹಿಂದೆ ಬಂದು ನಿಂತರು.

“ಏನಮ್ಮಾ, ಇಲ್ಲೇನು ಕೆಲಸ ನಿಮಗೆ?”

“ಕೆಲಸ ಇಲ್ಲ ಅಂತ ಹೇಳೋದು ಸಾರ್.”

“ಅದೇ ನಿಮ್ಮ ಕೆಲಸಾನಾ?”

“ಹೂಂ ಸಾರ್. ಒಂದು ಸಲಾನೂ ತಪ್ಪಿಸಿಲ್ಲ.”

ಸಾಹೇಬರ ಹುಬ್ಬು ಮೇಲೇರಿತು. ಅವಳ ಸಹಾಯಕ್ಕೆಂದು ಓಡಿಬಂದ ಜವಾನ ಇನ್ನಷ್ಟು ಕೆಡಿಸಿದ.

“ಅಕ್ಕನ್ನ ಏನೂ ಅನ್ಬೇಡಿ ಸಾರ್. ಅವರು ಬರದಿದ್ರೆ ಈ ಆಫೀಸೇ ಓಡಲ್ಲ!”

“ಅಂದ್ರೆ ಇಲ್ಲಿ ದುಡೀತಾರೆ?”

“ನಮ್ಮೆಲ್ಲರಿಗಿಂತ ಜಾಸ್ತಿ!”

“ಅಯ್ಯೋ, ಇಲ್ಲ ಸಾರ್, ನಾನು ಏನೂ ಮಾಡಲ್ಲ” ಎನ್ನುತ್ತಿದ್ದ ಗುಂಡಿಯಕ್ಕನ ಕಣ್ಣು ಸಾಹೇಬರ ತೋಳಿನ ಮೇಲೆ ಬಿತ್ತು. ಅಲ್ಲೊಂದು ಗುಂಡಿ ಒಂದೇ ಎಳೆಯಲ್ಲಿ ಜೋತಾಡುತ್ತಿತ್ತು. ಮಿಕ್ಕಿದ್ದನ್ನು ಕೈಗಳೇ ಮಾಡಿದವು. ಚೀಲದಿಂದ ಸೂಜಿ ಬಂತು, ದಾರ ಬಂತು. “ದೇವರಾಣೆ, ಏನೂ ಮಾಡಲ್ಲ ಸಾರ್” ಎನ್ನುವಷ್ಟರಲ್ಲಿ ಗುಂಡಿ ಗಟ್ಟಿಯಾಗಿ ಕೂತಿತ್ತು. ಅವಳು ಹಲ್ಲಿನಿಂದ ದಾರ ಕಡಿದಳು.

ಸಾಹೇಬರು ತೋಳು ತಿರುಗಿಸಿ ನೋಡಿಕೊಂಡರು. “ಚೆನ್ನಾಗಿದೆ. ಭತ್ಯೆ ರದ್ದು. ಕೆಲಸ ಇರೋರಿಗೆ ಕೊಡೋಕೆ ಬರಲ್ಲ.”

“ಹಾಗಾದ್ರೆ ಸಂಬಳ ಕೊಡಿ ಸಾರ್.”

“ಸಂಬಳ ಹೇಗೆ ಕೊಡ್ಲಿ? ನೀವು ಕೆಲಸಕ್ಕೇ ಸೇರಿಲ್ವಲ್ಲ!”

“ಅದೂ ಸರೀನೇ” ಎಂದ ಜವಾನ.

ಕೊನೆಗೆ ಅವನೇ ಗೋಗರೆದದ್ದಕ್ಕೆ ಸಾಹೇಬರು ಒಂದು ದಾರಿ ತೋರಿಸಿದರು. ಸಂಜೆಯವರೆಗೆ ಅವಳು ಬೆಂಚಿನ ಮೇಲೆ ಕೈ ಕಟ್ಟಿ ಕೂರಬೇಕು. ಯಾರಿಗೂ, ಯಾವುದಕ್ಕೂ ಉಪಯೋಗಕ್ಕೆ ಬರಕೂಡದು. ಬಂದದ್ದು ಕಣ್ಣಿಗೆ ಬಿದ್ದರೆ ಭತ್ಯೆಯ ಮಾತೇ ಇಲ್ಲ.

“ಅಷ್ಟೇ ತಾನೇ? ಆರಾಮಾಗಿ ಕೂತ್ಕೋ ಅಕ್ಕ” ಎಂದ ಜವಾನ. “ಇಂಥಾ ಸುಖದ ಕೆಲಸ ಯಾರಿಗೆ ಸಿಗುತ್ತೆ?” ತಮ್ಮ ಗಾಜಿನ ಕೋಣೆಯತ್ತ ಹೊರಟಿದ್ದ ಸಾಹೇಬರು ತಿರುಗಿ ನೋಡಿದರು. ಅವನು ನಾಲಿಗೆ ಕಚ್ಚಿಕೊಂಡ.

ಅವಳು ಕೂತಳು. ಕಟ್ಟಿದ ಕೈ ನಿಲ್ಲಲೊಲ್ಲದಾಗ ತೊಡೆಯ ಕೆಳಗೆ ಒತ್ತಿ ಹಿಡಿದಳು. ಅರ್ಧ ಒರೆಸಿದ್ದ ಎಲೆಯ ಮೇಲೆ ನೇತುಬಿದ್ದಿದ್ದ ಬಟ್ಟೆ ಒಣಗಿತು.

ಮಧ್ಯಾಹ್ನ ಜವಾನ ಊಟಕ್ಕೆ ಹೋಗಿದ್ದಾಗ ಒಬ್ಬ ಹೆಂಗಸು ತಲೆ ಎತ್ತದೆ ಒಳಗೆ ಬಂದಳು. ಎಲ್ಲ ಕಿಟಕಿಗಳನ್ನೂ ಓರೆಗಣ್ಣಲ್ಲಿ ನೋಡಿ ಮೂಲೆ ಹಿಡಿದಳು. ಸ್ವಲ್ಪ ಹೊತ್ತಿನ ಮೇಲೆ ಧೈರ್ಯ ಮಾಡಿ ಗುಂಡಿಯಕ್ಕನ ಹತ್ತಿರ ಬಂದು ಬಗ್ಗಿದಳು. ಗಾಜಿನ ಆಚೆ ಸಾಹೇಬರು ಕನ್ನಡಕ ಏರಿಸಿಕೊಂಡರು.

“ಅಕ್ಕಾ, ಕೆಲಸ ಹೋಯ್ತು ಅಂತ ಯಾವ ಕಿಟಕೀಲಿ ಹೇಳ್ಬೇಕು?”

ಗುಂಡಿಯಕ್ಕ ಫ್ಯಾನು ನೋಡಿದಳು. ಬೆಂಚಿನವರೆಲ್ಲ ತಂತಮ್ಮ ಕಾಲ್ಬೆರಳು ನೋಡಿಕೊಂಡರು.

“ಸ್ವಲ್ಪ ತೋರಿಸಿ ಅಕ್ಕಾ.”

ತೊಡೆಯ ಕೆಳಗಿಂದ ಒಂದು ಕೈ ತಾನಾಗಿಯೇ ಹೊರಬಂದು ಕಿಟಕಿಯತ್ತ ಚಾಚಿತು.