ಮುನ್ನೂರು ಅಂಕಿಗಳ ಸಂಖ್ಯೆ

ಬೆಳಿಗ್ಗೆ ಹನ್ನೊಂದಕ್ಕೆ ಸುನಂದಾಳ ಪಿಎಚ್.ಡಿ. ಮೌಖಿಕ ಪರೀಕ್ಷೆ ಶುರುವಾಯಿತು. ಸಭಿಕರೂ ಪ್ರಶ್ನೆ ಕೇಳಬಹುದಿತ್ತು. ಅವಳ ಜೊತೆಗೇ ಸಂಶೋಧನೆಗೆ ಸೇರಿ ಹಿಂದುಳಿದಿದ್ದ ಗಿರಿಧರ ಅದಕ್ಕೇ ಬಂದಿದ್ದ. ಭಾಗಿಸಿ ನೋಡದೆಯೇ ಅವಿಭಾಜ್ಯ ಸಂಖ್ಯೆ ಗುರುತಿಸುವ ಅವಳ ವಿಧಾನವನ್ನು ಗುರುಗಳು ಹೊಗಳಿದಾಗಲೆಲ್ಲ ಅವನಿಗೆ ಊಟ ಸೇರುತ್ತಿರಲಿಲ್ಲ. ಅವಳ ಮೇಜಿನ ಮೇಲೆ ಕಂಡ ಮುನ್ನೂರು ಅಂಕಿಗಳ ಸಂಖ್ಯೆಯನ್ನು ಗುಟ್ಟಾಗಿ ನಕಲು ಮಾಡಿಕೊಂಡಿದ್ದ.

ಅದೇ ಸಂಖ್ಯೆ ಪರದೆಯ ಮೇಲೆ ಮೂಡಿದ್ದೇ ಎದ್ದು ನಿಂತ.

"ಸುನಂದಾ ಅವರೇ, ಇದು ಅವಿಭಾಜ್ಯ ಅಲ್ವೇ ಅಲ್ಲ. ತಿಂಗಳುಗಟ್ಟಲೆ ಕಂಪ್ಯೂಟರ್ ಓಡಿಸಿ ಹುಡುಕಿದೀನಿ. ತಗೊಳ್ಳಿ, ಈ ಚೀಟಿಯಲ್ಲಿರೋ ಸಂಖ್ಯೆಯಿಂದ ಭಾಗ ಆಗುತ್ತೆ!"

ಪರೀಕ್ಷಕರು ಭಾಗಿಸಿ ನೋಡಿದರು. ಶೇಷ ಸೊನ್ನೆ.

"ಏನಮ್ಮಾ, ಇದಕ್ಕೇನು ಹೇಳ್ತೀಯಾ?"

"ಭಾಗ ಆಗುತ್ತೆ ಅಂತಲೇ ನಾನು ಸಾಬೀತು ಮಾಡಿರೋದು ಸರ್. ಯಾವುದರಿಂದ ಅನ್ನೋದು ಮಾತ್ರ ಗೊತ್ತಿರಲಿಲ್ಲ."

ಪರೀಕ್ಷಕರು ಅವಳನ್ನು ಪದವಿಗೆ ಶಿಫಾರಸು ಮಾಡಿ, ಗಿರಿಧರನ ಕೈ ಕುಲುಕಿದರು.